ಸಿಂಗಪುರದಿಂದ ತಂದ ತಲೆ

ಚಳ್ಳಕೆರೆ

ನಾನು ಸಿಂಗಪುರಕ್ಕೆ ಹೋದದ್ದು ಒಂದು ತಲೆ ತರುವುದಕ್ಕೆ. ಹೀಗೆಂದು ಹೇಳಿದಾಗಲೆಲ್ಲ ನಮ್ಮೂರಿನ ಜನ ಮೊದಲು ನನ್ನ ಭುಜದ ಮೇಲೆ ಕಣ್ಣಾಡಿಸಿ, ಇರುವುದು ಇದ್ದ ಜಾಗದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ, "ಇಷ್ಟು ವರ್ಷ ಹೆಂಗೆ ಕಾಲ ಹಾಕಿದ್ರಿ?" ಅನ್ನುತ್ತಾರೆ. ಆದ್ದರಿಂದ ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡಿನ ನೆತ್ತಿಯಲ್ಲಿ ತಿರುಗುವ ಭಾಗವೊಂದು ಇರುತ್ತದೆ. ಅದಕ್ಕೆ ಹೆಡ್ಡು ಅನ್ನುತ್ತಾರೆ. ಕಾಲು ಎಷ್ಟೇ ಗಟ್ಟಿಯಿದ್ದರೂ ತಲೆ ನೆಟ್ಟಗಿರದಿದ್ದರೆ ಫೋಟೋ ಕೆಟ್ಟಿತು. ಮನುಷ್ಯರ ವಿಷಯವೂ ಹಾಗೇ ಎಂದು ಬರೆಯಬಹುದಿತ್ತು, ಆದರೆ ನಮ್ಮ ಭಾವ ಇದನ್ನು ಓದುತ್ತಾರೆ.

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಹೊಟ್ಟೆಗೆ. ಊರಾಚೆಯ ಹುಲ್ಲುಗಾವಲಿನ ಜಿಂಕೆ, ಹಕ್ಕಿಗಳು ಮನಸ್ಸಿಗೆ. ಕಾವಲಿಗೆ ನನ್ನ ಜೊತೆ ಬರುತ್ತಿದ್ದ ಕಾಲೇಜಿನ ಮೇಷ್ಟರೊಬ್ಬರು ನಿವೃತ್ತರಾಗಿ ಮಗಳ ಊರಿಗೆ ಹೊರಟಾಗ ತಮ್ಮ ದೊಡ್ಡ ಲೆನ್ಸನ್ನು ನನಗೆ ಕೊಟ್ಟರು. "ನನ್ನ ಬೆನ್ನು ಕೈಕೊಟ್ಟಿತು ಓಬಳೇಶ. ನಿನ್ನ ಕೈ ಗಟ್ಟಿ ಐತೆ, ನೀನೇ ಇಟ್ಕೊ" ಎಂದರು. ಹುಟ್ಟಿದ ಮಗುವಿಗಿಂತ ಭಾರದ ಲೆನ್ಸು. ಅದನ್ನು ನನ್ನ ಹಳೇ ಸ್ಟ್ಯಾಂಡಿನ ಮೇಲೆ ಕೂರಿಸಿದರೆ, ತಿರುಪು ಎಷ್ಟು ಬಿಗಿ ಮಾಡಿದರೂ, ಊಟವಾದ ಮೇಲೆ ಪುರಾಣ ಕೇಳುವ ಮುದುಕನ ಹಾಗೆ ಮೆಲ್ಲಗೆ ತೂಕಡಿಸಿ ಮೂಗು ನೆಲಕ್ಕೆ ಮಾಡುತ್ತಿತ್ತು. ಹಾಗಾಗಿ ಕೆಳಗಿನಿಂದ ಎಡಗೈ ಕೊಟ್ಟು ಎತ್ತಿ ಹಿಡಿದೇ ಫೋಟೋ ತೆಗೆಯುತ್ತಿದ್ದೆ. ಕೈ ಗಟ್ಟಿ ಇತ್ತಲ್ಲ.

ಎರಡು ವರ್ಷಕ್ಕೆ ಆ ಗಟ್ಟಿ ಕೈಯೇ ನಡುಗತೊಡಗಿತು. ಮೊದಲು ಕಾಫಿ ಲೋಟದಲ್ಲಿ ಕಂಡಿತು, ಆಮೇಲೆ ಸಹಿಯಲ್ಲಿ. ಡಾಕ್ಟರು ನೋಡಿ, "ವಯಸ್ಸಿಂದು ಬಿಡಿ, ಜೀವಕ್ಕೇನೂ ಭಯ ಇಲ್ಲ" ಎಂದರು. ಜೀವಕ್ಕಲ್ಲ ಸ್ವಾಮಿ, ಜೀವನಕ್ಕೆ ಎನ್ನಬೇಕೆನಿಸಿತು, ಅನ್ನಲಿಲ್ಲ. ಯಾರಿಗೂ ಹೇಳಲಿಲ್ಲ. ನಡುಗುವ ಕೈಯ ಫೋಟೋಗ್ರಾಫರನನ್ನೂ ಕೆಮ್ಮುವ ಅಡುಗೆ ಭಟ್ಟನನ್ನೂ ಯಾರೂ ಮದುವೆಗೆ ಕರೆಯುವುದಿಲ್ಲ.

ಮೊಳಕಾಲ್ಮುರು

ಅಕ್ಕನನ್ನು ಕೊಟ್ಟಿರುವುದು ಮೊಳಕಾಲ್ಮುರಿಗೆ. ಭಾವ ತಿಪ್ಪೇಸ್ವಾಮಿ ರೇಷ್ಮೆ ಸೀರೆ ವ್ಯಾಪಾರಿ. ಅವರ ದೊಡ್ಡ ಮಗಳ ಮದುವೆಯಲ್ಲಿ ನಾನೊಂದು ಕಲಾವಂತಿಕೆ ತೋರಿಸಲು ಹೋದೆ. ಧಾರೆಯ ಹೊತ್ತಿಗೆ ಚಪ್ಪರದೊಳಗೆ ಬೆಳಗಿನ ಬೆಳಕು ಚೆನ್ನಾಗಿ ಬಿದ್ದಿತ್ತು. ಫ್ಲಾಶು ಬೇಡ, ದೂರದಿಂದ ದೊಡ್ಡ ಲೆನ್ಸಿನಲ್ಲಿ ತೆಗೆದರೆ ಮುಖದ ಭಾವ ಸಹಜವಾಗಿ ಬರುತ್ತದೆ ಅಂದುಕೊಂಡೆ. ಸ್ಟ್ಯಾಂಡು ತೂಕಡಿಸಿತು, ಕೈ ಕೊಟ್ಟೆ, ಕೈ ನನಗೇ ಕೈಕೊಟ್ಟಿತು. ಫಿಲಂ ತೊಳೆದು ನೋಡಿದರೆ ಅಳಿಯಂದಿರಿಗೆ ಎರಡು ಮೂಗು. ಧಾರೆ ಎರೆಯುವ ಅಕ್ಕನ ಮುಖ ನೀರಿನಲ್ಲಿ ಕಂಡ ಹಾಗೆ ಅಲುಗಿತ್ತು.

ಆಲ್ಬಮ್ಮು ಒಯ್ದು ಕೊಡುವಾಗ, ಕೇಳುವ ಮೊದಲೇ, "ಹೋಮದ ಹೊಗೆ ಜಾಸ್ತಿ ಆಗಿತ್ತು ಭಾವ, ಅದಕ್ಕೇ ಹಿಂಗೆ ಬಂದೈತೆ" ಎಂದೆ. ಮಂಜು ಮಂಜಾದ ಮದುವೆ ಫೋಟೋಗಳಿಗೆಲ್ಲ ನಾನು ಹೇಳಿ ಹೇಳಿ ರೂಢಿಯಾದ ಮಾತು ಅದು. ಭಾವ ಒಂದೊಂದೇ ಹಾಳೆ ತಿರುವಿದರು. "ಹೌದು, ಭಾಳ ಹೊಗೆ ಇತ್ತು" ಎಂದರು. ಬಂದ ನೆಂಟರಿಗೆಲ್ಲ ಆ ಆಲ್ಬಮ್ಮನ್ನು ತೋರಿಸಿ, "ಹೊಗೆ ನೋಡ್ರಿ" ಎಂದು ತಾವೇ ಹೇಳಿದರು. ಹೇಗೋ ಬಚಾವಾದೆ ಅಂದುಕೊಂಡೆ.

ಆದರೆ ಮರುವರ್ಷ ಚಿಕ್ಕವಳು ಭಾಗ್ಯಳಿಗೆ ಗಂಡು ಗೊತ್ತಾಯಿತು. ಭಾವ ನನ್ನ ಎದುರಿಗೇ ಚಪ್ಪರದವನನ್ನು ಮಾತಾಡಿದರು, ಅಡುಗೆಯವರನ್ನು ಮಾತಾಡಿದರು, ವಾಲಗದವರನ್ನು ಮಾತಾಡಿದರು. ಫೋಟೋ ಮಾತು ಎತ್ತಲಿಲ್ಲ. ಬಳ್ಳಾರಿಯಿಂದ ಯಾರನ್ನೋ ಕರೆಸುತ್ತಾರೆಂದು ನನಗೆ ಖಾತ್ರಿಯಾಯಿತು. ನಾನೇ ಎತ್ತಿ ಆಡಿಸಿದ ಹುಡುಗಿಯ ಮದುವೆಯಲ್ಲಿ ನಾನು ಬರೀ ಊಟಕ್ಕೆ ಕೂರುವ ನೆಂಟನಾಗುವುದೆಂದರೆ ಅದಕ್ಕಿಂತ ಅವಮಾನವಿಲ್ಲ. ಆ ಲೆನ್ಸನ್ನು ಕೈ ತಾಗಿಸದೆ ಹೊರುವ ಹೆಡ್ಡು ಒಂದು ಸಿಕ್ಕರೆ ನಾನು ಉಳಿದುಕೊಳ್ಳುತ್ತಿದ್ದೆ. ಬೆಂಗಳೂರಿನ ಅಂಗಡಿಗಳಲ್ಲಿ ಲೆನ್ಸು ನೋಡಿದವರೇ, "ಇದಕ್ಕೆ ಸಿಂಗಪುರಕ್ಕೇ ಹೋಗಬೇಕು" ಎಂದು ನಕ್ಕರು.

ಆಗಲೇ ಸಿಂಗಪುರದ ಸೀರೆ ಅಂಗಡಿಯ ಸೆಲ್ವಂ ಎನ್ನುವವರು ಮಾದರಿ ಸೀರೆ ಹಿಡಿದು ಬನ್ನಿ ಎಂದು ಭಾವನಿಗೆ ಹೇಳಿಕಳಿಸಿದ್ದು. ಭಾವನ ಜೊತೆ ಹೊರಡಬೇಕಿದ್ದ ಅಕ್ಕ, ಪಾಸ್‌ಪೋರ್ಟು ಮಾಡಿಸಿಕೊಂಡು, ಹೊಸ ಚಪ್ಪಲಿಯನ್ನೂ ತಂದಿಟ್ಟುಕೊಂಡು, ಟಿಕೆಟ್ಟು ತೆಗೆಸುವ ದಿನ ಏಕಾಏಕಿ, "ನೆಲಕ್ಕೆ ಚಕ್ರ ತಾಗದ ಗಾಡಿ ನಾನು ಹತ್ತಲ್ಲ. ಓಬಳೇಶಿನ ಕರ್ಕೊಂಡು ಹೋಗ್ರಿ" ಎಂದಳು. ನನಗೆ ಲೆನ್ಸು ಇಟ್ಟುಕೊಳ್ಳಲು ಕರೀ ಕಂಬಳಿಯಲ್ಲಿ ಅಗಲ ಪಟ್ಟಿಯ ಚೀಲ ಹೊಲಿದುಕೊಟ್ಟು, "ಕೈಯಾಗೆ ಹಿಡೀಬೇಡ. ಹೆಗಲಿಗೆ ಹಾಕ್ಕೊ" ಎಂದಳು. ಲೆನ್ಸಿಗೆ ಕಾಳಜಿ ಎಂದುಕೊಂಡೆ.

ಮದರಾಸಿನ ವಿಮಾನ ನಿಲ್ದಾಣ

ಚಳ್ಳಕೆರೆ ಕಂಬಳಿಗೆ ತನ್ನದೇ ವಾಸನೆ ಇದೆ. ಕುರಿ ಸತ್ತರೂ ಅದು ಬಿಟ್ಟುಹೋಗುವುದಿಲ್ಲ. ತಪಾಸಣೆಯ ಹೆಣ್ಣುಮಗಳು ಚೀಲಕ್ಕೆ ಮೂಗು ಹತ್ತಿರ ತಂದು ಹಿಂದೆ ಸರಿದಳು. ಒಳಗೆ ಉದ್ದನೆಯ ಕರೀ ಕೊಳವೆ. ಇನ್ನಿಬ್ಬರು ಬಂದು ನಿಂತರು. ಭಾವ ಸಹಾಯಕ್ಕೆಂದು, "ಪಿರಂಗಿ ಅಲ್ಲಮ್ಮ" ಅಂದುಬಿಟ್ಟರು. ಕೇಳುವವರೆಗೂ ಯಾರ ತಲೆಗೂ ಹೊಳೆಯದಿದ್ದ ಪದವನ್ನು ನಾವೇ ಒದಗಿಸಿದಂತಾಯಿತು. ಮೂರನೆಯವನೂ ಬಂದ.

ಕ್ಯಾಮೆರಾ ಸಿಕ್ಕಿಸಿ, ಮೇಜಿನ ಮೇಲಿಟ್ಟು, ನೀವೇ ನೋಡಿ ತಾಯಿ ಎಂದೆ. ಆಕೆ ಕಣ್ಣಿಟ್ಟು ಹಾಲಿನ ಆ ಕೊನೆಗೆ ತಿರುಗಿಸಿದಳು. ಅಲ್ಲಿ ಅವರ ಸಾಹೇಬರು ಕಂಬದ ಮರೆಯಲ್ಲಿ ನಿಂತು ಯಾರಿಂದಲೋ ವಶಪಡಿಸಿಕೊಂಡ ನಿಪ್ಪಟ್ಟು ತಿನ್ನುತ್ತಿದ್ದರು. ಆಕೆ ಮಿಕ್ಕವರನ್ನೂ ಕರೆದು ಸರದಿಯಂತೆ ತೋರಿಸಿದಳು. ನಾಲ್ವರೂ ನೋಡಿಯಾದ ಮೇಲೆ ನಮ್ಮನ್ನು ಬಹಳ ಮರ್ಯಾದೆಯಿಂದ ಒಳಗೆ ಬಿಟ್ಟರು.

ಸಿಂಗಪುರ, ಮೊದಲ ದಿನ

ಸೆಲ್ವಂ ದುಂಡಗಿನ, ನಗುಮುಖದ ತಮಿಳರು. ಅವರಿಗೆ ಕನ್ನಡ ಬಾರದು, ನಮಗೆ ತಮಿಳು ಬಾರದು. ಆಂಧ್ರದ ಗಡಿಯಲ್ಲಿ ಹುಟ್ಟಿ ಬೆಳೆದ ಭಾವ, ತೆಲುಗನ್ನು ಸ್ವಲ್ಪ ಜೋರಾಗಿ ಹೇಳಿದರೆ ತಮಿಳಾಗುತ್ತದೆ ಎಂದು ನಂಬಿದವರು. ಇದ್ದಷ್ಟು ದಿನವೂ ಹಾಗೆಯೇ ಕೂಗಿದರು.

ಮಧ್ಯಾಹ್ನ ಮಳೆ ಬಂತು. ಅಲ್ಲಿ ದಿನಾ ಬರುತ್ತದಂತೆ. ಜನ ಮುಖ ಸಿಂಡರಿಸಿಕೊಂಡು ಅಂಗಡಿಗಳ ಸೂರಿನಡಿಗೆ ಓಡಿದರು, ಒಬ್ಬ ಆಕಾಶಕ್ಕೆ ಬೈದ. ರಸ್ತೆಯಲ್ಲಿ ಉಳಿದವರು ಭಾವ ಮತ್ತು ನಾನು. ಮಳೆಯಿಂದ ಓಡಿ ತಪ್ಪಿಸಿಕೊಳ್ಳುವ ವಿದ್ಯೆಯನ್ನು ನಮಗೆ ಯಾರೂ ಕಲಿಸಿರಲಿಲ್ಲ. ಭಾವ ಬೈದವನ ಕಡೆ ತಿರುಗಿ, "ಬ್ಯಾಡ ಅಂದ್ರೆ ಬರ ಬಿದ್ದಿರೋ ನಮ್ಮ ದೇವಸಮುದ್ರಕ್ಕೆ ಕಳ್ಸಪ್ಪ, ಬೈಬ್ಯಾಡ" ಎಂದರು. ತೆಲುಗಿನಲ್ಲಿ ಹೇಳದ್ದರಿಂದ ಅವನಿಗೆ ಅರ್ಥವಾಗಲಿಲ್ಲವೆಂದು ಅವರ ಭಾವನೆ.

ಊಟಕ್ಕೆ ಹೋದರೆ ಸಾಲು ಸಾಲು ಮೇಜು, ಮೇಜಿನ ಮುಂದೆ ಜನರಿಲ್ಲ, ಮೇಲೆ ಒಂದೊಂದು ಸಣ್ಣ ಕಾಗದದ ಕರವಸ್ತ್ರದ ಪೊಟ್ಟಣ. ಪುಕ್ಕಟೆ ಇಟ್ಟಿದ್ದಾರೆಂದು ಭಾವ ಒಂದನ್ನು ಒಡೆದು ಮುಖ, ಕತ್ತು, ಕಂಕುಳು ಒರೆಸಿಕೊಂಡು ಕೂತರು. ತಟ್ಟೆ ಹಿಡಿದು ಬಂದ ಚೀನೀ ಹುಡುಗಿಯೊಬ್ಬಳು ಎದುರು ನಿಂತು ಪೊಟ್ಟಣವನ್ನೂ ಭಾವನನ್ನೂ ನೋಡಿದಳು. ಸೆಲ್ವಂ ಕೈಸನ್ನೆಯಲ್ಲಿ ತಿಳಿಸಿದರು: ಪೊಟ್ಟಣ ಇಟ್ಟರೆ ಜಾಗ ಹಿಡಿದಂತೆ. ಭಾವನ ಮುಖ ಅರಳಿತು.

"ಲೇ ಓಬಳೇಶಿ, ಇದು ನಮ್ಮ ಟವೆಲ್ಲು ಕಣಲೇ."

ನಿಜ. ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವವರಿಗೂ ಇವರಿಗೂ ವ್ಯತ್ಯಾಸ ಬಟ್ಟೆಯ ಅಳತೆಯಲ್ಲಿ ಮಾತ್ರ. ಭಾವ ಹೆಗಲಿನ ಟವೆಲ್ಲು ತೆಗೆದು ಪಕ್ಕದ ಮೇಜಿನ ಮೇಲೆ ಹರಡಿದರು. ಅದರ ಹತ್ತಿರ ಸಂಜೆವರೆಗೂ ಯಾರೂ ಸುಳಿಯಲಿಲ್ಲವೆಂದು ಕೇಳಿದೆ.

ಎರಡನೇ ದಿನ

ಸೀರೆ ವ್ಯವಹಾರ ಮುಗಿದ ಮೇಲೆ ಭಾವ ನನ್ನ ಕೆಲಸಕ್ಕೆ ಕೈಹಾಕಿದರು. ದಾರಿಯುದ್ದಕ್ಕೂ, "ನಿನ್ನ ಮೊದಲನೇ ತಲೇನೇ ಸರಿಯಾಗಿ ಬಳಸಿಲ್ಲ, ಎರಡನೇದು ಯಾಕಲೇ" ಎಂದು ನನ್ನ ತಲೆ ತಿಂದವರು, ಸೆಲ್ವಂ ಎದುರು ಮಾತ್ರ ಜವಾಬ್ದಾರಿಯಿಂದ ಎದೆ ಸೆಟೆಸಿ ಕೂಗಿದರು: "ಮಾ ಬಾಮ್ಮರ್ದಿಕಿ ಮಂಚಿ ತಲಕಾಯ ಕಾವಾಲ! ಪೆದ್ದದಿ! ಗಟ್ಟಿದಿ!"

ನಮ್ಮ ಬಾಮೈದನಿಗೆ ಒಳ್ಳೇ ತಲೆ ಬೇಕು, ದೊಡ್ಡದು, ಗಟ್ಟಿದು ಎಂದು ಅರ್ಥ. ಆದರೆ ಗಡಿಯ ತೆಲುಗಿನಲ್ಲಿ ತಲಕಾಯ ಎಂಬ ಮಾತು ಹೆಚ್ಚಾಗಿ ಕೇಳುವುದು ಮಟನ್ ಅಂಗಡಿಯ ಮುಂದೆ. ನಾನು ಇಂಗ್ಲಿಷಿನಲ್ಲಿ ತಿದ್ದಲು ಹೋಗಿ, "ಹೆಡ್ಡು, ಬಿಗ್ ಹೆಡ್ಡು, ಹೆವಿ" ಎಂದೆ. ಸೆಲ್ವಂ ಕಣ್ಣು ಹೊಳೆಯಿತು. "ತಲೈಯಾ?" ಎಂದು ಎದ್ದೇಬಿಟ್ಟರು. ಮೂರು ಭಾಷೆಯಲ್ಲಿ ಒಂದೇ ಮಾತು ಎಲ್ಲರಿಗೂ ತಿಳಿದದ್ದು ನೋಡಿ ನನಗೂ ಹೆಮ್ಮೆಯಾಯಿತು.

ಕಾರು ನಿಂತದ್ದು ಒಂದು ಹೋಟೆಲಿನ ಮುಂದೆ. ಊಟ ಮಾಡಿಸಿ ಕರೆದುಕೊಂಡು ಹೋಗುತ್ತಾರೆಂದುಕೊಂಡು ಕೂತೆವು. ಬಾಳೆ ಎಲೆ ಬಂತು, ಅನ್ನ ಬಂತು. ಆಮೇಲೆ ಇಬ್ಬರು ಹಿಡಿದು ತಂದ ಮಣ್ಣಿನ ಪಾತ್ರೆಯಲ್ಲಿ, ಕೆಂಪು ಸಾರಿನ ನಡುವೆ, ಕುರಿ ತಲೆಯಷ್ಟು ದಪ್ಪದ ಒಂದು ಮೀನಿನ ತಲೆ ಬಂದು ನನ್ನ ಮುಂದೆ ಕೂತು ನನ್ನನ್ನೇ ನೋಡಿತು. ಫಿಶ್ ಐ ಲೆನ್ಸು ಎಂದು ಪುಸ್ತಕದಲ್ಲಿ ಓದಿದ್ದೆ, ಅದು ಹೀಗೆ ತಿರುಗಿ ನನ್ನ ಮೇಲೇ ಫೋಕಸ್ ಮಾಡೀತು ಅಂದುಕೊಂಡಿರಲಿಲ್ಲ. ಸೆಲ್ವಂ, "ಬಿಗ್ ಹೆಡ್ಡು! ಹೆವಿ!" ಎಂದು ತೃಪ್ತಿಯಿಂದ ನನ್ನ ಎಲೆಯ ಕಡೆ ತಳ್ಳಿದರು.

ಭಾವ ಅದನ್ನೂ ನನ್ನನ್ನೂ ನೋಡಿದರು. "ಇದರ ಮ್ಯಾಲೆ ನಿನ್ನ ಲೆನ್ಸು ಕೂರಂಗೆ ಕಾಣಲ್ಲ" ಎಂದು ತಮ್ಮ ಎಲೆಗೆ ಎಳೆದುಕೊಂಡರು. ಎರಡು ದಿನ ನನ್ನ ತಲೆ ತಿಂದವರು ಅವತ್ತು ಅದನ್ನೂ ತಿಂದು ಮುಗಿಸಿದರು. ನಾನು ಸಾರು ಕುಡಿಯಲು ಬಟ್ಟಲು ಎತ್ತಿದೆ. ಕೈ ನಡುಗಿ ಅಂಗಿಯ ಮೇಲೆ ಚೆಲ್ಲಿತು. ಭಾವ ಕಾಣದವರಂತೆ ಮೀನಿನ ಕೆನ್ನೆ ಬಿಡಿಸುತ್ತಿದ್ದರು.

ಮೂರನೇ ದಿನ

ಕೊನೆಗೆ ಲೆನ್ಸನ್ನೇ ಬಿಚ್ಚಿ ತೋರಿಸಿದಾಗ ಸೆಲ್ವಂ ಹಣೆ ಚಚ್ಚಿಕೊಂಡು, ಕ್ಯಾಮೆರಾ ಅಂಗಡಿಗಳೇ ತುಂಬಿದ ಕಟ್ಟಡಕ್ಕೆ ಕರೆದುಕೊಂಡು ಹೋಗಿ ಬಿಟ್ಟರು. ಮೂಲೆಯ ಸಣ್ಣ ಅಂಗಡಿಯಲ್ಲಿ ಒಬ್ಬ ಚೀನೀ ಮುದುಕ. ಆತ ಮೊದಲು ಮುಟ್ಟಿ ನೋಡಿದ್ದು ಲೆನ್ಸನ್ನಲ್ಲ, ಕಂಬಳಿಯನ್ನು.

ಮೊದಲು ಬಂದದ್ದು ಮೂರು ಹಿಡಿಗಳ ಹೆಡ್ಡು. ಮೇಲೆ ಕೆಳಗೆ ಒಂದು ಹಿಡಿ, ಪಕ್ಕಕ್ಕೆ ಒಂದು, ಓರೆಗೆ ಒಂದು. ಅಷ್ಟನ್ನೂ ಸಡಿಲಿಸಿ ಬಿಗಿ ಮಾಡುವುದರೊಳಗೆ ಜಿಂಕೆ ಆಂಧ್ರ ಸೇರಿರುತ್ತದೆ. ಎರಡನೆಯದು ಗುಂಡಿನ ಹೆಡ್ಡು: ಬಟ್ಟಲಲ್ಲಿ ಉಕ್ಕಿನ ಗುಂಡು, ಹಿಡಿಯಲು ಒಂದೇ ತಿರುಪು. ಭಾವ ಸೀರೆ ಅಂಚು ತಿಕ್ಕಿ ನೋಡುವ ಹಾಗೆ ಅದನ್ನು ಹೆಬ್ಬೆರಳಿನಲ್ಲಿ ತಿಕ್ಕಿ, ಬಣ್ಣ ಹೋಗಲ್ಲ ತಾನೇ ಎಂದು ಕೇಳಿದರು. ಆಮೇಲೆ, ವ್ಯಾಪಾರ ಗೊತ್ತಿಲ್ಲದವರ ಹಾಗೆ ಕೂತಿರಬೇಡ, ಎದ್ದು ಹೊರಟರೆ ಕರೀತಾನೆ ಎಂದು ನನ್ನನ್ನು ಎಬ್ಬಿಸಿಕೊಂಡು ಹೊರಟರು. ಕಾರಿಡಾರಿನ ಕೊನೆವರೆಗೂ ನಿಧಾನಕ್ಕೆ ನಡೆದೆವು. ಮುದುಕ ಕರೆಯಲಿಲ್ಲ. ಲೆನ್ಸು ಅವನ ಅಂಗಡಿಯಲ್ಲೇ ಇತ್ತು, ಕರೆಯುವ ಅಗತ್ಯವೇನು? ನಾವೇ ವಾಪಸು ಬಂದೆವು.

ಮುದುಕ ಗುಂಡಿನ ಹೆಡ್ಡಿನ ಮೇಲೆ ಲೆನ್ಸು ಕೂರಿಸಿ ತಿರುಪು ಬಿಗಿದ. ಬಂಡೆಯಂತೆ ನಿಂತಿತು. ಈಗ ನೀನು ಎಂದು ಸಡಿಲಿಸಿ ನನ್ನ ಕಡೆ ಸನ್ನೆ ಮಾಡಿದ. ನಾನು ಎಡಗೈಯಲ್ಲಿ ಲೆನ್ಸು ಹಿಡಿದು ಬಲಗೈಯಲ್ಲಿ ತಿರುಪು ತಿರುಗಿಸಿದೆ. ಬೆರಳು ನಡುಗಿ ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಗುಂಡು ಒಮ್ಮೆಲೇ ಹೊರಳಿ ಲೆನ್ಸು ಮುಂದಕ್ಕೆ ಕವುಚಿತು, ಸ್ಟ್ಯಾಂಡು ಎರಡು ಕಾಲಿನ ಮೇಲೆ ನಿಂತಿತು. ಭಾವ ಆ ದಪ್ಪ ಮೈ ಹೊತ್ತುಕೊಂಡು ಅದ್ಯಾವ ಮಾಯದಲ್ಲಿ ನುಗ್ಗಿದರೋ, ಲೆನ್ಸನ್ನು ಎದೆಗೆ ಅವಚಿಕೊಂಡು ನೆಲದ ಮೇಲೆ ಕೂತಿದ್ದರು.

ನನಗೆ ಅಳು ಬಂತು. ಐವತ್ತೆರಡು ವರ್ಷದ ಗಂಡಸು, ಸಿಂಗಪುರದ ಅಂಗಡಿಯಲ್ಲಿ, ಅದೂ ಅಪರಿಚಿತನೊಬ್ಬನ ಎದುರು.

"ಕೈ ನಡುಗುತ್ತೆ ಭಾವ" ಎಂದೆ. "ಅವತ್ತು ಮದುವೇಲಿ ಹೊಗೆ ಅಲ್ಲ, ನನ್ನ ಕೈ."

"ಗೊತ್ತು" ಎಂದರು ಭಾವ, ನೆಲದ ಮೇಲಿಂದಲೇ.

"ಯಾವಾಗಿಂದ?"

"ನೀನು ಹೋಮದ ಹೊಗೆ ಅಂದಾಗಿಂದ. ಲೇ ಪೆದ್ದ, ನಮ್ಮ ಮನೆ ಮದುವೇಲಿ ಹೋಮ ಯಾವತ್ತು ಮಾಡಿದೀವಲೇ?"

ಹೌದಲ್ಲ. ಮಾಡುವುದಿಲ್ಲ. ನಮ್ಮಪ್ಪನ ಕಾಲದಿಂದಲೂ ನಮ್ಮವರ ಮದುವೆಗಳಲ್ಲಿ ಹೋಮವಿಲ್ಲ. ಬೇರೆಯವರಿಗೆ ಹೇಳಿ ರೂಢಿಯಾದ ಸುಳ್ಳನ್ನು ನನ್ನ ಸ್ವಂತ ಮನೆಯಲ್ಲಿ ಹೇಳಿದ್ದೆ. ಆ ಇಲ್ಲದ ಹೊಗೆಯನ್ನು ಈ ಮನುಷ್ಯ ಒಂದು ವರ್ಷ ಊರಿಗೆಲ್ಲ ತೋರಿಸಿಕೊಂಡು ಬಂದಿದ್ದರು.

"ನಿಮ್ಮಕ್ಕ ಇಮಾನಕ್ಕೆ ಹೆದರಿದಳು ಅಂದ್ಕಂಡಿಯಾ?" ಎಂದರು. "ತಿರುಪತಿ ಬೆಟ್ಟ ಹತ್ತೋ ಬಸ್ಸಲ್ಲಿ ಕಿಟಕಿ ಪಕ್ಕ ಬೇಕು ಅಂತ ಜಗಳ ಮಾಡೋಳು ಅವಳು. ತಮ್ಮನಿಗೆ ಏನು ಬೇಕೋ ಅದು ಸಿಗೋವರೆಗೂ ಬರಬ್ಯಾಡ್ರಿ ಅಂದವಳೆ. ಈಗ ಮೊದ್ಲು ಇದನ್ನ ಹಿಡ್ಕ, ನನ್ನ ಸೊಂಟ ಹಿಡ್ಕಂಡೈತೆ."

ಇಷ್ಟು ಹೊತ್ತೂ ಮುದುಕ ನನ್ನ ಕೈಯನ್ನೇ ನೋಡುತ್ತಿದ್ದ. ಎದ್ದು ಒಳಗೆ ಹೋಗಿ ಬೇರೊಂದನ್ನು ತಂದ. ನೋಡಲು ಹೆಡ್ಡಿನಂತೆಯೇ ಇರಲಿಲ್ಲ. ಒಂದು ಕಬ್ಬಿಣದ ತೋಳು ಮೇಲೆದ್ದು, ಅದರ ಪಕ್ಕದಲ್ಲಿ ಇಳಿಬಿದ್ದ ಒಂದು ತೊಟ್ಟಿಲು. ಗಿಂಬಲ್ ಎಂದ. ಬೇರೆ ಹೆಡ್ಡುಗಳು ಲೆನ್ಸನ್ನು ತಲೆಯ ಮೇಲೆ ಹೊರುತ್ತವೆ, ಇದು ತೂಗುಹಾಕುತ್ತದೆ. ಅದಕ್ಕೆ ಲೆನ್ಸು ಸಿಕ್ಕಿಸಿ ಒಂದು ಬೆರಳಗಲ ಹಿಂದಕ್ಕೆ ಸರಿಸಿದ, ಅರ್ಧ ಬೆರಳಗಲ ಮುಂದಕ್ಕೆ ತಂದ. ಆಮೇಲೆ ನನ್ನ ಕೈಯನ್ನು ಮೆತ್ತಗೆ ಹಿಡಿದು ಲೆನ್ಸಿನಿಂದ ತೆಗೆದು ಪಕ್ಕಕ್ಕಿಟ್ಟ.

"ನೋ ಹ್ಯಾಂಡ್" ಎಂದ.

ತಿರುಪು ಬಿಗಿದಿರಲಿಲ್ಲ. ಲೆನ್ಸು ತೂಕಡಿಸಲಿಲ್ಲ. ಆತ ಅದರ ಮೂತಿಯನ್ನು ಒಂದೇ ಬೆರಳಿನಲ್ಲಿ ಕಾರಿಡಾರಿನ ಕಡೆ ತಿರುಗಿಸಿ ಬೆರಳು ತೆಗೆದ. ಅಲ್ಲೇ ನಿಂತಿತು. ಮೇಲೆತ್ತಿ ಬಿಟ್ಟ. ಅಲ್ಲೇ ನಿಂತಿತು. ಕ್ಯಾಮೆರಾದ ಗುಂಡಿ ಒತ್ತುವುದಕ್ಕೆ ಮೊಳದುದ್ದದ ತಂತಿಯೊಂದನ್ನು ಸಿಕ್ಕಿಸಿ ಅದರ ತುದಿಯನ್ನು ನನ್ನ ಬೆರಳಿಗೆ ಕೊಟ್ಟ. ತಂತಿ ನನ್ನ ಜೊತೆ ನಡುಗಿತು, ಲೆನ್ಸು ನಡುಗಲಿಲ್ಲ.

ಭಾವ ಸೊಂಟ ಹಿಡಿದುಕೊಂಡೇ ಸುತ್ತಲೂ ಒಂದು ಪ್ರದಕ್ಷಿಣೆ ಬಂದರು. "ಲೇ, ಇದು ನಮ್ಮ ಏತ ಕಣಲೇ. ತೂಕ ಸರಿಗೆ ಬಿದ್ರೆ ಬಾವಿ ನೀರು ಎತ್ತಾಕೂ ಬೆರಳು ಸಾಕು. ಇದನ್ನ ಕಲಿಯಾಕೆ ಸಮುದ್ರ ದಾಟಿ ಬಂದ್ವಾ?" ಎಂದರು. ಈ ಸಲ ಎದ್ದು ಹೊರಡುವ ನಾಟಕ ಮಾಡದೆ, ಕೇಳಿದಷ್ಟು ಎಣಿಸಿಕೊಟ್ಟರು.

ಕೊನೆಗೆ, ಬಂದಾಗಿನಿಂದ ಅವನ ಕಣ್ಣಿದ್ದ ಆ ಕಂಬಳಿ ಚೀಲವನ್ನು ಮುದುಕನಿಗೇ ಕೊಟ್ಟು ಬಂದೆ. ಆ ಸೆಖೆಯ ಊರಲ್ಲಿ ಅವನು ಅದನ್ನು ಏನು ಮಾಡಿದನೋ. ಮೂಸಿ ನೋಡಿ, ಕಣ್ಣು ಮುಚ್ಚಿಕೊಂಡು ನಕ್ಕ.

ವಾಪಸು ಕೊಂಡ್ಲಹಳ್ಳಿ

ಊರಿಗೆ ಬಂದ ವಾರಕ್ಕೆ ಕೊಂಡ್ಲಹಳ್ಳಿಯಲ್ಲಿರುವ ಭಾವನ ಹೊಲಕ್ಕೆ ಹೋದೆವು. ನಾನು ಈ ಬದುವಿನಲ್ಲಿ ಸ್ಟ್ಯಾಂಡು ಹೂಡಿದೆ. ದೊಡ್ಡ ಲೆನ್ಸಿಗೆ ಮನುಷ್ಯ ದೂರ ನಿಂತಷ್ಟೂ ಒಳ್ಳೆಯದು, ಹಾಗಾಗಿ ಭಾವನನ್ನು ಎರಡು ಹೊಲದಾಚೆಯ ಬೇವಿನ ಮರದ ಪಕ್ಕಕ್ಕೆ ಕಳಿಸಿದೆ. ಅವರು ಹೋಗಿ ಸೇರುವ ಹೊತ್ತಿಗೆ ನನಗೆ ಒಂದು ಬೀಡಿ ಮುಗಿದಿತ್ತು. ಕಣ್ಣಿಟ್ಟು, ಮೂತಿ ತಿರುಗಿಸಿ, ಕೈ ತೆಗೆದೆ. ಭಾವ ಚೌಕಟ್ಟಿನೊಳಗೆ ಅಲುಗದೆ ನಿಂತಿದ್ದರು.

"ನಗ್ರೀ ಭಾವ" ಎಂದು ಕೂಗಿದೆ.

"ಏನೂ?"

"ನಗ್ರೀ!"

"ಹಗ್ಗಾನಾ? ಹಗ್ಗ ತಂದಿಲ್ಲ ಕಣಲೇ!"

ಆಗಲೇ ತಂತಿ ಒತ್ತಿದೆ.

ಪ್ರಿಂಟನ್ನು ಮೊಳಕಾಲ್ಮುರಿಗೆ ಒಯ್ದು ಭಾವನ ಕೈಗೆ ಕೊಟ್ಟೆ. ಭಾವ ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಟವೆಲ್ಲಿನ ಎಳೆ ಎಳೆ ಎಣಿಸಬಹುದಿತ್ತು. ಹಗ್ಗ ಎಂದು ತೆರೆದ ಬಾಯಲ್ಲಿ ಎಲೆ ಅಡಿಕೆಯ ಕಲೆಯಿರುವ ಹಲ್ಲು, ಕಿವಿಯಿಂದ ಹೊರಗಿಣುಕಿದ ಎರಡು ಕೂದಲು, ಒಂದೇ ಮೂಗು. ಅಕ್ಕ ಹೆಗಲ ಮೇಲಿಂದ ಬಗ್ಗಿ ನೋಡಿದಳು, ಸೆರಗಿನಿಂದ ಕಣ್ಣೊತ್ತಿಕೊಂಡಳು. ಭಾವ ಫೋಟೋವನ್ನು ಮತ್ತೊಮ್ಮೆ ಬೆಳಕಿಗೆ ತಿರುಗಿಸಿದರು.

"ಹೊಗೆ ಇಲ್ಲ" ಎಂದರು.

ಆಮೇಲೆ ಕನ್ನಡಕ ತೆಗೆದು ಅಕ್ಕನ ಕಡೆ ತಿರುಗಿದರು. "ಭಾಗ್ಯನ ಮದುವೇಲಿ ಹೋಮಾನೂ ಮಾಡ್ಸಣ ಕಣೇ. ಎಷ್ಟು ಹೊಗೆ ಬಂದ್ರೂ ಬರ್ಲಿ, ನಿನ್ನ ತಮ್ಮ ಪಕ್ಕದೂರು ರಾಂಪುರದಾಗೆ ನಿಂತ್ಕಂಡಾದ್ರೂ ತೆಗೀತಾನೆ."